ಅಮರಗುಂಡಪ್ಪಗೌಡರ ರಿವಾಲ್ವರಿಗೊಂದು ಕಡ್ಡಿ

ಸಿಂಧನೂರಿನಲ್ಲಿ ನನ್ನದೊಂದು ಟ್ರ್ಯಾಕ್ಟರ್ ಸ್ಪೇರ್‌ಪಾರ್ಟ್ಸ್ ಅಂಗಡಿ ಇದೆ. ಎದುರಿಗೆ ಅಮರಗುಂಡಪ್ಪಗೌಡರ ಗೊಬ್ಬರದ ಅಂಗಡಿ. ಬೆಳಿಗ್ಗೆ ನಾನು ಶಟರ್ ಎತ್ತಿದಾಗ ಗೌಡರ ಮುಖಕ್ಕಿಂತ ಮೊದಲು ಕಾಣುತ್ತಿದ್ದದ್ದು ಅವರ ಸೊಂಟ. ಏಕೆಂದರೆ ಮುಖ ಆಚೀಚೆ ತಿರುಗುತ್ತಿದ್ದರೂ ಸೊಂಟ ಮಾತ್ರ ಯಾವಾಗಲೂ ರಸ್ತೆಗೇ ಮುಖ ಮಾಡಿರುತ್ತಿತ್ತು. ಆ ಸೊಂಟದಲ್ಲಿ ಕಂದು ಚರ್ಮದ ಚೀಲ, ಚೀಲದೊಳಗೆ ಅಜ್ಜನ ಕಾಲದ ರಿವಾಲ್ವರ್. ಯೂರಿಯಾ ಮಾರುವ ಮನುಷ್ಯನಿಗೆ ರಿವಾಲ್ವರ್ ಯಾಕೆ ಎಂದು ಪೇಟೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಿದವರು ಉತ್ತರ ಮುಗಿಯುವವರೆಗೆ ಕೂರಬೇಕಾಗುತ್ತಿತ್ತು.

ಉತ್ತರ ಹೀಗಿತ್ತು. ರಜಾಕಾರರ ಕಾಲ. ಗೌಡರ ಊರು ಮುಕ್ಕುಂದ, ಹೊಳೆಯ ದಂಡೆ. ಅಜ್ಜ ಸಂಗನಬಸಪ್ಪಗೌಡರು ಒಬ್ಬರೇ ದಂಡೆಯ ಮೇಲೆ ನಿಂತು ಆರು ಗುಂಡಿಗೆ ಆರು ಮಂದಿಯನ್ನು ಕೆಡವಿದರು. ಏಳನೆಯವನು ಓಡಿಹೋದ. ಊರು ಉಳಿಯಿತು. ಆ ರಿವಾಲ್ವರ್ ಎಲ್ಲಿಂದ ಬಂತು ಎಂದರೆ, ಬೇಟೆಗೆ ಬಂದಿದ್ದ ನಿಜಾಮರು ಅಜ್ಜನ ಧೈರ್ಯ ಮೆಚ್ಚಿ ತಮ್ಮ ಕೈಯಾರೆ ಕೊಟ್ಟದ್ದು. ನಿಜಾಮರು ಕೊಟ್ಟ ರಿವಾಲ್ವರಿನಿಂದ ನಿಜಾಮರ ಕಡೆಯವರನ್ನೇ ಹೊಡೆದ ಈ ಕಥೆಯಲ್ಲಿ ಏನಾದರೂ ತೊಡಕಿದೆಯೇ ಎಂದು ಗೌಡರು ಜೀವಮಾನದಲ್ಲಿ ಒಮ್ಮೆಯೂ ಯೋಚಿಸಿದವರಲ್ಲ. ಯೋಚನೆ ಅವರ ಕೆಲಸವೂ ಆಗಿರಲಿಲ್ಲ. ಹೊಲ ಅಪ್ಪನಿಂದ ಬಂದಿತ್ತು, ಹೊಲಕ್ಕೆ ನೀರು ಕಾಲುವೆಯಿಂದ ಬರುತ್ತಿತ್ತು, ಗೊಬ್ಬರದ ಅಂಗಡಿಯನ್ನು ಮಾವ ಹಾಕಿಕೊಟ್ಟಿದ್ದರು, ಅಂಗಡಿಯ ವ್ಯವಹಾರವನ್ನು ಹೆಂಡತಿ ಪಾರ್ವತೆಮ್ಮ ನೋಡುತ್ತಿದ್ದರು. ಗೌಡರ ಪಾಲಿಗೆ ಉಳಿದದ್ದು ಮೀಸೆ ಮತ್ತು ಆ ಕಥೆ. ಎರಡನ್ನೂ ದಿನಾ ತಿರುವುತ್ತಿದ್ದರು.

ಚುನಾವಣೆ ಬಂದರೆ ಲೈಸೆನ್ಸ್ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕು. ಬೇರೆಯವರು ಹೋಗಿ ಕೊಟ್ಟು ಬರುತ್ತಾರೆ. ಗೌಡರು ಬಿಳಿ ಅಂಗಿ ತೊಟ್ಟು, ಇಬ್ಬರು ಆಳುಗಳನ್ನು ಹಿಂದೆ ಕರೆದುಕೊಂಡು, ನಡು ರಸ್ತೆಯಲ್ಲಿ ನಡೆದು ಹೋಗುತ್ತಿದ್ದರು. ಅಭ್ಯರ್ಥಿಗಳು ನಾಮಪತ್ರ ಸಲ್ಲಿಸಲು ಹೋಗುವಾಗಲೂ ಅಷ್ಟು ಗತ್ತು ಇರುತ್ತಿರಲಿಲ್ಲ. ಆ ರಿವಾಲ್ವರ್ ಹಾರಿದ್ದನ್ನು ಮಾತ್ರ ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ನೋಡುವ ಯೋಗ ಬಂದದ್ದು ದಢೇಸುಗೂರಿನ ಒಂದು ಮದುವೆಯಲ್ಲಿ. ಗೌಡರ ತಂಗಿಯ ಮಗನ ಮದುವೆ. ಊಟದ ಪಂಗ್ತಿ ಕೂತಿತ್ತು. ಬೀಗರ ಕಡೆಯವನೊಬ್ಬ, ಕಥೆ ಕೇಳಿ ಕೇಳಿ ಬೇಸತ್ತಿದ್ದನೋ ಏನೋ, "ಗೌಡ್ರ, ಒಂದು ಹಾರಸೇ ಬಿಡ್ರಲಾ" ಅಂದ.

"ಮದ್ವಿ ಮನ್ಯಾಗ ಹಾರಸೂದು ಕಾಯ್ದೇಕ ವಿರೋಧ ಐತಪಾ. ಗುಂಡೂ ತಂದಿಲ್ಲ" ಅಂದರು ಗೌಡರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. "ಆದ್ರ ನಮ್ಮಜ್ಜ ಹೆಂಗ ತೆಗೀತಿದ್ದ ಅನ್ನೂದು ತೋರಸ್ತೀನಿ, ನೋಡ್ರಿ" ಎಂದು ಎದ್ದು ನಿಂತರು.

ಚೀಲದಿಂದ ಸರಕ್ಕನೆ ಎಳೆದರು. ಬೆರಳಿಗೆ ಸಿಕ್ಕಿಸಿಕೊಂಡು ಗಿರಗಿರನೆ ಒಂದು ಸುತ್ತು ತಿರುಗಿಸಿದರು. ಎರಡನೆಯ ಸುತ್ತಿಗೆ ಗುಂಡು ತುಂಬುವ ಚಕ್ರ ಕಳಚಿ ಹಾರಿತು. ಸಾಂಬಾರಿನ ಬಕೆಟ್ ಹಿಡಿದು ಪಂಗ್ತಿಯಲ್ಲಿ ಬರುತ್ತಿದ್ದ ಅದೇ ಊರಿನ ದುರುಗೇಶನ ಬಕೆಟ್ಟಿಗೆ ನೇರವಾಗಿ ಬಿತ್ತು. ಮುಂದಿನ ಸಾಲಿನವರ ಅಂಗಿಗಳ ಮೇಲೆ ಬೇಳೆ ಸಿಡಿಯಿತು. ದುರುಗೇಶ ಸವಟಿನಿಂದ ಬಕೆಟ್ ಕಲಕಿ, ಚಕ್ರವನ್ನು ಮೇಲೆತ್ತಿ, ಬದನೆಕಾಯಿಯ ಹೋಳೊಂದನ್ನು ಅದರಿಂದ ಬಿಡಿಸಿ, "ಗೌಡ್ರೇ, ನಿಮ್ದೊಂದು ನಟ್ಟು ಬಿತ್ತು ನೋಡ್ರಿ" ಅಂದ.

ಪಂಗ್ತಿಗೆ ಪಂಗ್ತಿಯೇ ನಕ್ಕಿತು. ಮದುಮಗಳೂ ನಕ್ಕಳು. ಚಕ್ರವನ್ನು ಹಿಡಿದಿಡಬೇಕಾದ ಉಕ್ಕಿನ ಕಡ್ಡಿ ರಿವಾಲ್ವರಿನಲ್ಲಿ ಇರಲೇ ಇಲ್ಲ. ಅದರ ಜಾಗದಲ್ಲಿ ಗೌಡರು ಊದಿನಕಡ್ಡಿಯ ಬಿದಿರು ತುರುಕಿದ್ದರು. ಇಷ್ಟು ವರ್ಷ ನಾವೆಲ್ಲ ಹೆದರುತ್ತಿದ್ದದ್ದು ಆ ಊದಿನಕಡ್ಡಿಗೆ.

ಮದುವೆಯಾದ ಕೆಲವು ದಿನಕ್ಕೆ ಗೌಡರು ನನ್ನ ಅಂಗಡಿಗೆ ಬಂದರು. ಗಿರಾಕಿಗಳು ಹೋಗುವವರೆಗೆ ಕಾದು, ಟವೆಲಿನಲ್ಲಿ ಸುತ್ತಿದ್ದ ರಿವಾಲ್ವರನ್ನು ಕೌಂಟರಿನ ಮೇಲೆ ಇಟ್ಟರು.

"ಲೇ ವೆಂಕೋಬ, ನಿನ್ನ ಹತ್ರ ಸಾವಿರ ನಮೂನಿ ಪಿನ್ನು ಅದಾವಲ್ಲ. ಇದಕ್ಕೊಂದು ಹೊಂದತೈತೇನು ನೋಡು."

ನಾನು ನೋಡಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಗಿಡ್ಡ ನಳಿಗೆ, ಹಕ್ಕಿಯ ಕೊಕ್ಕಿನಂತೆ ಬಾಗಿದ ಹಿಡಿ. ಟ್ರ್ಯಾಕ್ಟರಿನ ಯಾವ ಪಿನ್ನೂ ಅದಕ್ಕೆ ಕೂರುವಂತಿರಲಿಲ್ಲ. ಸಾಂಬಾರಿನ ವಾಸನೆ ಇನ್ನೂ ಇತ್ತು. ಚಕ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಾಗ ನನಗೆ ಇನ್ನೊಂದು ವಿಷಯ ಹೊಳೆಯಿತು.

"ಗೌಡ್ರೇ, ಇದರಾಗ ತೂತು ಐದೇ ಅದಾವಲ್ರೀ. ಅಜ್ಜಾರು ಆರು ಗುಂಡು ಹೆಂಗ ಹಾರ್ಸಿದ್ರು?"

ಗೌಡರು ಚಕ್ರವನ್ನು ಇಸಿದುಕೊಂಡು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಇಷ್ಟು ವರ್ಷ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ ವಸ್ತುವನ್ನು ಅವರು ಎಣಿಸಿ ನೋಡಿದ್ದು ಅದೇ ಮೊದಲು.

"ಒಂದು ಗುಂಡಿಗೆ ಇಬ್ರು ಬಿದ್ದಿರಬೇಕು" ಅಂದರು.

ಮುಂದಿನ ಓಣಿಯ ಲೇತ್ ಮಷಿನ್ನಿನ ಕನಕರಾಜನ ಹತ್ತಿರ ಹೋದರೆ ಅವನು ಟವೆಲು ಬಿಚ್ಚಲೂ ಬಿಡಲಿಲ್ಲ. "ಬಂದೂಕಿನ ಕೆಲಸ ಲೈಸೆನ್ಸ್ ಇದ್ದವ್ರು ಮಾಡಬೇಕ್ರೀ. ನನ್ನ ಜೇಲಿಗೆ ಕಳಸಬ್ಯಾಡ್ರಿ" ಅಂದ. ಗೌಡರು ಮೊಬೈಲಿನಲ್ಲಿ ಫೋಟೋ ತೆಗೆದು ತಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು. ಒಬ್ಬ ಜರ್ಮನಿಯದು ಅಂದ, ಒಬ್ಬ ಟಿಪ್ಪುವಿನ ಕಾಲದ್ದು ಅಂದ, ಹನ್ನೆರಡು ಮಂದಿ ಕೈಮುಗಿದ ಚಿತ್ರ ಕಳಿಸಿದರು. ದುರುಗೇಶ ಯಾವ ಗುಂಪಿನಿಂದ ಹೇಗೆ ಒಳಗೆ ಬಂದಿದ್ದನೋ, ಅವನೊಂದು ಬಕೆಟ್ಟಿನ ಚಿತ್ರ ಹಾಕಿದ.

ಕೊನೆಗೆ ಲಿಂಗಸೂಗೂರಿನ ಮಲೀಕಸಾಬನ ಹೆಸರು ಬಂತು. ಲಿಂಗಸೂಗೂರಿನಲ್ಲಿ ಹಿಂದೆ ದಂಡಿನ ಛಾವಣಿ ಇತ್ತು. ಛಾವಣಿಯ ಬಂದೂಕುಗಳನ್ನು ರಿಪೇರಿ ಮಾಡಿದ ಮನೆತನ ತಮ್ಮದು ಎಂದು ಹೇಳಿಕೊಂಡು ಮಲೀಕಸಾಬ ಈಗಲೂ ಲೈಸೆನ್ಸ್ ಪಡೆದ ರಿಪೇರಿ ಅಂಗಡಿ ನಡೆಸುತ್ತಾನೆ. ಒಂದು ಸೋಮವಾರ ಹೊರಟೆವು. ಕಾರು ಗೌಡರದು. ಅವರಿಗೆ ಓಡಿಸಲು ಬಾರದು, ಆದ್ದರಿಂದ ಚಾಲಕ ನಾನು. ಗುರುಗುಂಟಿಯ ಅಮರೇಶ್ವರನ ದರ್ಶನ ಮಾಡಿದಂತಾಯಿತು ಎಂದು ಪಾರ್ವತೆಮ್ಮನೂ ಹತ್ತಿದರು.

ಮಲೀಕಸಾಬ ಮಾತಿನ ಮಲ್ಲ. ಟವೆಲು ಪೂರ್ತಿ ಬಿಚ್ಚುವ ಮೊದಲೇ "ಅಸಲಿ ಲಂಡನ್ ಮಾಲು ಗೌಡ್ರೇ, ನಾ ಬಾಗಿಲದಾಗ ನಿಂತಾಗ್ಲೇ ಗುರ್ತು ಹಿಡದೀನಿ" ಅಂದ. ಗೌಡರು ಹೆಂಡತಿಯ ಕಡೆ ನೋಡಿದರು. ಮಲೀಕಸಾಬ ಲೈಸೆನ್ಸ್ ನೋಡಿ, ಕನ್ನಡಕ ಹಾಕಿಕೊಂಡು, ಭೂತಗನ್ನಡಿ ಹಿಡಿದು ಚಕ್ರದ ಮೇಲೆ ಏನನ್ನೋ ಹುಡುಕಿದ. ಅವನ ದನಿ ಸ್ವಲ್ಪ ಇಳಿಯಿತು.

"ಲಂಡನ್ ಅಲ್ಲರೀ."

"ಮತ್ತ?"

"ಮೊಟ್ಟಿ ಆಕಾರದ ಗೆರಿ ಒಳಗ ಮೂರು ಇಂಗ್ಲಿಷ್ ಅಕ್ಷರ ಅದಾವ ನೋಡ್ರಿ. ಇದು ಬೆಲ್ಜಿಯಂ ದೇಶದ ಮುದ್ರಿ. ಇಂಗ್ಲಿಷರದ್ದು ಬುಲ್‌ಡಾಗ್ ಅಂತ ಒಂದು ಗಿಡ್ಡ ರಿವಾಲ್ವರ್ ಇತ್ತು, ಅದರ ನಕಲು ಇದು. ಆವಾಗ ಸಂತ್ಯಾಗ ಕತ್ರಿ ಚಾಕು ಮಾರಿದಂಗ ಇವನ್ನ ಮಾರತಿದ್ರು. ನಮ್ಮಪ್ಪ ಇಂಥಾವು ರಗಡು ನೋಡಿದ್ದ. ಗುಮಾಸ್ತರು, ಗಿರ್ದಾವರ್‌ಗಳು, ರೊಕ್ಕ ಒಯ್ಯವ್ರು ಇಟ್ಕೋತಿದ್ರು."

"ನಿಜಾಮ್ರು ಇಂಥಾದ್ದು ಇಟ್ಕೋತಿದ್ರೇನು?" ಎಂದು ಪಾರ್ವತೆಮ್ಮ ಕೇಳಿದರು.

"ನಿಜಾಮ್ರ ಅಡಗಿಯವ ಇಟ್ಕೊಂಡಿರಬೌದು" ಅಂದ ಮಲೀಕಸಾಬ. ಹಾಗಂದ ಮೇಲೆ ಗಿರಾಕಿಯ ಮುಖ ನೋಡಿ, "ಆದ್ರ ಬಾಳ ಹಳೀದು, ಬಾಳ ಕಿಮ್ಮತ್ತಿಂದು" ಎಂದು ಸೇರಿಸಿದ.

ಕಡ್ಡಿಯ ವಿಷಯಕ್ಕೆ ಬಂದಾಗ ಅವನು ಸ್ಪಷ್ಟವಾಗಿ ಹೇಳಿದ. ಈ ನಕಲುಗಳನ್ನು ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಕೂತು ಅರದಿಂದ ತಿಕ್ಕಿ ಮಾಡಿದ್ದು. ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಬಿಡಿಭಾಗ ಎಂದು ಯಾವ ದೇಶದಲ್ಲೂ ಮಾರುವುದಿಲ್ಲ. "ನಾ ಒಂದು ಕಡ್ಡಿ ಮಾಡಿ ಕೊಡ್ತೀನಿ, ಚಕ್ರ ತಿರಗತೈತಿ. ಶೋಕೇಸಿನ್ಯಾಗ ಇಡ್ರಿ. ಹಾರಸಾಕ ಹೋದ್ರ ಆಮ್ಯಾಲೆ ನಿಮ್ಮ ಬೆರಳು ನೀವೇ ಆರಿಸ್ಕೋಬೇಕು. ಇಲ್ಲಾಂದ್ರ ಇದರದ್ದೇ ಅಸಲಿ ಕಡ್ಡಿ ಸಿಗಬೇಕು." ಕಡ್ಡಿ ಕೂರುವ ತೂತಿಗೆ ಬೆಳಕು ಬಿಟ್ಟು ನೋಡಿ, "ಅದು ಮುರ್ದಿಲ್ಲರೀ, ಬಿದ್ದೂ ಇಲ್ಲ. ಯಾರೋ ಸುಮ್ಮನ ಕೂತು ಬಿಚ್ಚಿ ತಗದಾರ" ಅಂದ.

ಹಿಡಿಯ ಕಟ್ಟಿಗೆಯೊಂದು ಸಡಿಲಾಗಿತ್ತು. ಬಿಗಿ ಮಾಡಲೆಂದು ಸ್ಕ್ರೂ ಬಿಚ್ಚಿದಾಗ ಕಟ್ಟಿಗೆಯ ಒಳಮೈ ಮೇಲೆ ಮೊಳೆಯಿಂದ ಕೊರೆದ ಉರ್ದು ಅಕ್ಷರಗಳು ಕಂಡವು. ಗೌಡರು ಸ್ಟೂಲಿನಿಂದ ಎದ್ದೇಬಿಟ್ಟರು. "ನೋಡ್ರಿ! ನಿಜಾಮ್ರ ಸಹಿ! ನಾ ಸುಳ್ಳ ಹೇಳತಿದ್ನೇನು?"

ಮಲೀಕಸಾಬ ಕಟ್ಟಿಗೆಯನ್ನು ಕಣ್ಣಿನ ಹತ್ತಿರ ತಂದು ಓದಿದ. "ಗುಲಾಮ್ ಹೈದರ್, ಗಿರ್ದಾವರ್, ಮಸ್ಕಿ."

ಗಿರ್ದಾವರ್ ಅಂದರೆ ಊರೂರು ತಿರುಗಿ ಕಂದಾಯ ನೋಡುವ ಸಣ್ಣ ಅಧಿಕಾರಿ. ಗೌಡರಿಗೆ ಕಥೆ ಕಟ್ಟಲು ಹೆಚ್ಚು ಸಮಯ ಬೇಕಾಗಲಿಲ್ಲ. ಕಾರಿನ ಬಾಗಿಲು ಮುಚ್ಚುವಷ್ಟರಲ್ಲಿ ಹೊಸದೊಂದು ಸಿದ್ಧವಾಗಿತ್ತು. ನಿಜಾಮರು ತಮ್ಮ ಅಧಿಕಾರಿಯಾದ ಗಿರ್ದಾವರನ ಮೂಲಕ ಅಜ್ಜನಿಗೆ ಬಹುಮಾನ ಕಳಿಸಿದ್ದರಂತೆ. ಗಿರ್ದಾವರನ ಮನೆಯವರು ಮಸ್ಕಿಯಲ್ಲಿ ಈಗಲೂ ಇದ್ದರೆ ಆ ಮಾತಿಗೆ ಸಾಕ್ಷಿಯೂ ಸಿಕ್ಕಂತಾಯಿತು, ಕಡ್ಡಿಯೂ ಸಿಗಬಹುದು. ಅಸಲಿ ಕಡ್ಡಿಯೇ ಸಿಗಬೇಕು ಎಂದು ಮಲೀಕಸಾಬ ಬೇರೆ ಅಂದಿದ್ದನಲ್ಲ.

"ಬಹುಮಾನ ಕೊಡಾವ್ರು ಕಡ್ಡಿ ತಗದು ಕೊಡ್ತಾರೇನು?" ಎಂದು ಪಾರ್ವತೆಮ್ಮ ಹಿಂದಿನ ಸೀಟಿನಿಂದ ಕೇಳಿದರು. ಗೌಡರು ಎ.ಸಿ. ಜೋರು ಮಾಡಲು ಹೇಳಿದರು.

ಗುರುಗುಂಟಿಗೆ ಹೋಗಿ ಬಂದು ಮಸ್ಕಿ ಮುಟ್ಟಿದಾಗ ಇಳಿಹೊತ್ತು. ಗಿರ್ದಾವರ್ ಮನೆ ಎಂದು ಕೇಳಿದರೆ ಗುಡ್ಡದ ಕೆಳಗಿನ ಓಣಿ ತೋರಿಸಿದರು. ಈಗ ಆ ಮನೆಯಲ್ಲಿ ಗಿರ್ದಾವರನ ಮೊಮ್ಮಗನ ಹೆಂಡತಿ ಮೈಮುನಾಬಿ ಇದ್ದಾರೆ. ಎಪ್ಪತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದಾರೆ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ನಿಟ್ಟುಕೊಂಡು ಬಟ್ಟೆ ಹೊಲಿಯುತ್ತಾರೆ. ಸೊಸೆ ಶಂಶಾದ್‌ಬೀ ಬಾಗಿಲು ತೆರೆದಳು.

ಗೌಡರು ಎದೆ ಮುಂದೆ ಮಾಡಿ ಹೇಳಿದರು. "ನಾವು ಮುಕ್ಕುಂದದ ಸಂಗನಬಸಪ್ಪಗೌಡ್ರ ಮೊಮ್ಮಕ್ಕಳು. ನಮ್ಮಜ್ಜಾರ ಹತ್ರ ಒಂದು ರಿವಾಲ್ವರ್ ಇತ್ತು..."

ಮೈಮುನಾಬಿ ಮಷಿನ್ ತುಳಿಯುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದು ಗೌಡರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅವರ ಮುಖವೆಲ್ಲ ನಗುವಾಯಿತು.

"ಯಾ ಅಲ್ಲಾ! ತಂದ್ರೇನ್ರೀ? ನಮ್ಮತ್ತಿ ಇರಬೇಕಿತ್ತ್ರಿ ಇವತ್ತು! ಬರ್ರಿ, ಒಳಗ ಬರ್ರಿ. ಶಂಶಾದ್, ಮಂಚದ ಮ್ಯಾಲೆ ಚಲೋ ಚಾದರ್ ಹಾಸವಾ. ಚಾ ಇಡು. ಬಾಳ ಒಳ್ಳೇ ಮಂದಿ ಬಂದಾರ."

ಗೌಡರಿಗೆ ಏನೂ ತಿಳಿಯಲಿಲ್ಲ. ಗೌರವ ಸಿಕ್ಕರೆ ಯಾಕೆ ಎಂದು ಕೇಳುವ ಅಭ್ಯಾಸ ಅವರಿಗಿಲ್ಲ, ಹೋಗಿ ಮಂಚದ ನಡುವೆ ಕೂತರು. ಪಾರ್ವತೆಮ್ಮ ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದರು. "ಏನು ತರಬೇಕಿತ್ತ್ರಿ ನಾವು?" ಎಂದು ಮೆಲ್ಲಗೆ ಕೇಳಿದರು.

ಮೈಮುನಾಬಿ ಹೇಳಿದರು. ಹೇಳುವಾಗ ಸಿಟ್ಟಿರಲಿಲ್ಲ, ಮನೆಯಲ್ಲಿ ಎಷ್ಟೋ ಸಲ ಹೇಳಿ ಸವೆದ ಮಾತಿನಂತೆ ಹೇಳಿದರು.

ಪೊಲೀಸ್ ಕಾರ್ಯಾಚರಣೆ ನಡೆದ ವರ್ಷ. ಹೈದರಾಬಾದ್ ಬಿತ್ತು ಎಂಬ ಸುದ್ದಿ ಬಂದ ಮೇಲೆ ಊರೂರಲ್ಲಿ ಮುಸಲ್ಮಾನರ ಮನೆಗಳವರು ಹೆದರಿ ಬಿಟ್ಟು ಹೋಗುತ್ತಿದ್ದರು. ಗುಲಾಮ್ ಹೈದರ್ ರಜಾಕಾರರ ಜೊತೆ ಸೇರಿದವರಲ್ಲ, ಆದರೆ ಆ ದಿನಗಳಲ್ಲಿ ಅದನ್ನು ಯಾರು ಕೇಳುತ್ತಿದ್ದರು? ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಾಗ ದಾರಿಯಲ್ಲಿ ರಿವಾಲ್ವರ್ ಸಿಕ್ಕರೆ ಅದೇ ಪ್ರಾಣಕ್ಕೆ ಕುತ್ತು. ಪರಿಚಯದ ಸಂಗನಬಸಪ್ಪಗೌಡರ ಕೈಗೆ ಕೊಟ್ಟು, ಇದು ಅಮಾನತು, ನಂಬಿ ಇಡಲು ಕೊಟ್ಟದ್ದು, ತಿರುಗಿ ಬಂದ ಮೇಲೆ ಒಯ್ಯುತ್ತೇನೆ ಎಂದಿದ್ದರು. ಕೆಲವು ತಿಂಗಳ ಮೇಲೆ ಬಂದು ಕೇಳಿದರೆ, ಮಿಲಿಟರಿಯವರು ಒಯ್ದರು ಎಂಬ ಉತ್ತರ ಸಿಕ್ಕಿತು. ಮೂರು ಸಲ ಮುಕ್ಕುಂದಕ್ಕೆ ನಡೆದರು. ಮೂರು ಸಲವೂ ಅದೇ ಉತ್ತರ.

"ಸುಳ್ಳು ಅಂತ ಗೊತ್ತಿತ್ರೀ. ಖರೆ, ಕಾಲ ಕೆಟ್ಟಿತ್ತು. ಸುಮ್ಮನಾದ್ರು" ಅಂದರು ಮೈಮುನಾಬಿ.

ಗೌಡರ ಕೈಗೆ ಚಹಾದ ಕಪ್ಪು ಬಂದಿತ್ತು. ಕುಡಿಯಬೇಕೋ ಇಡಬೇಕೋ ಎಂದು ಅವರಿಗೆ ತಿಳಿಯಲಿಲ್ಲ. ಬಾಯಿ ತೆರೆದಾಗ, ಇಷ್ಟೆಲ್ಲ ಕೇಳಿದ ಮೇಲೆ, ಆ ಪುಣ್ಯಾತ್ಮ ಹೇಳಿದ್ದು ಇದು:

"ಆದ್ರ... ನಮ್ಮಜ್ಜ ಅದರಿಂದ್ಲೇ ಹೊಳಿ ದಂಡಿ ಮ್ಯಾಲೆ ರಜಾಕಾರರನ್ನ ಹೊಡದ್ರಲ್ಲ."

"ಹೆಂಗ ಹೊಡೀತಾರ್ರಿ? ನಾವು ಕೊಟ್ಟಿದ್ದು ರಜಾಕಾರರ ಗಲಾಟಿ ಮುಗದ ಮ್ಯಾಲೆ" ಎಂದು ಮೈಮುನಾಬಿ ಎದ್ದರು. ಹೊಲಿಗೆ ಮಷಿನ್ನಿನ ಡ್ರಾದಲ್ಲಿ ಕೈಯಾಡಿಸಿ, ದಾರದ ಉಂಡೆ, ಗುಂಡಿಗಳ ನಡುವಿನಿಂದ ಒಂದು ಉಕ್ಕಿನ ಕಡ್ಡಿ ತೆಗೆದರು. ಬೆರಳುದ್ದ, ಒಂದು ತುದಿಗೆ ಸಣ್ಣ ಗುಬುಟು, ಮೈಯೆಲ್ಲ ಬೆಳ್ಳಿಯಂತೆ ನುಣುಪು. "ಕೊಡೂಕಿಂತ ಮೊದ್ಲ ಇದನ್ನ ತಗದಿಟ್ಕೊಂಡಿದ್ರು. ಇಡಾಕ ಕೊಟ್ಟದ್ದು ನಮ್ಮ ಮ್ಯಾಲೇ ತಿರಗಬಾರ್ದಲ್ರೀ. ಅಷ್ಟು ನಂಬಗಿ ಇದ್ದಿದ್ದಿಲ್ಲ."

"ಇದನ್ನ ಇಷ್ಟು ವರ್ಷ ಇಟ್ಕೊಂಡೀರಿ!" ಅಂದರು ಪಾರ್ವತೆಮ್ಮ.

"ಸುಮ್ಮನ ಇಟ್ಕೊಂಡೇನ್ ಮಾಡ್ತಾರವಾ? ಇದರಿಂದ ಪೈಜಾಮಕ್ಕ, ಲಂಗಕ್ಕ ಲಾಡಿ ಹಾಕ್ತೀವಿ. ಬಾಳ ಸಲೀಸ್ ಹೋಗತೈತಿ. ನಮ್ಮತ್ತಿ ಹಾಕಿದ್ಲು, ನಾ ಹಾಕೀನಿ. ಓಣ್ಯಾಗಿನ ಮಂದೆಲ್ಲ ಇಸ್ಕೊಂಡು ಹೋಗ್ತಾರ."

ನನಗೆ ನಗು ತಡೆಯಲಿಲ್ಲ. ಗೋಡೆಯ ಕಡೆ ತಿರುಗಿ ಕೆಮ್ಮಿದೆ. ನಿಜಾಮರ ಬಹುಮಾನದ, ಆರು ಹೆಣ ಕೆಡವಿದ, ಮುಕ್ಕುಂದ ಉಳಿಸಿದ ಆಯುಧದ ಜೀವಾಳ ಮಸ್ಕಿಯ ಒಂದು ಓಣಿಯ ಪೈಜಾಮಗಳನ್ನು ಉಳಿಸುತ್ತ ಕೂತಿತ್ತು.

ಈಗಲಾದರೂ ಗೌಡರು ಟವೆಲು ಬಿಚ್ಚಿ ಆ ರಿವಾಲ್ವರನ್ನು ಮಂಚದ ಮೇಲೆ ಇಟ್ಟು ಕೈಮುಗಿಯಬಹುದಿತ್ತು. ಪಾರ್ವತೆಮ್ಮ ಗಂಡನನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಗೌಡರು ನೋಡುತ್ತಿದ್ದದ್ದು ಕಡ್ಡಿಯನ್ನು.

"ಅದು... ಆ ಕಡ್ಡಿ... ಅದಕ್ಕೇ ಬಂದಿದ್ವಿ" ಅಂದರು.

ಮೈಮುನಾಬಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖದ ನಗು ಪೂರ್ತಿ ಹೋಗಲಿಲ್ಲ, ಜಾತಿ ಬದಲಾಯಿಸಿತು, ಅಷ್ಟೆ. ಕಡ್ಡಿಯನ್ನು ಗೌಡರ ಅಂಗೈಯಲ್ಲಿ ಇಟ್ಟರು.

"ಒಯ್ರಿ, ಒಯ್ರಿ. ಈಗೇನು, ಎಲ್ಲಾ ಇಲಾಸ್ಟಿಕ್ ಬಂದಾವ."

ಗೌಡರು ಒಯ್ದರು. ಎದೆಯ ಜೇಬಿಗೆ ಹಾಕಿಕೊಂಡು, ಗುಂಡಿ ಹಾಕಿ, ಒಯ್ದರು. ಈ ಮನುಷ್ಯನ ಬಗ್ಗೆ ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಆ ಗುಂಡಿ ಹಾಕಿಕೊಂಡದ್ದನ್ನು ನೋಡಿದಾಗ.

ಕಾರು ಬಳಗಾನೂರು ಕ್ರಾಸ್ ದಾಟಿತು. ಆಮೇಲೆ ಪಾರ್ವತೆಮ್ಮ ಹೇಳಿದರು. "ಮದ್ವಿಯಾಗಿ ಬಂದಾಗಿಂದ ಆಯುಧ ಪೂಜಿಗೆ ಆ ಕಬ್ಬಣಕ್ಕ ವಿಭೂತಿ ಹಚ್ಚೀನಿ, ಹೂವ ಏರ್ಸೀನಿ. ಮಂದಿ ಮನಿ ಕದ್ದ ಮಾಲಿಗೆ."

"ಕದ್ದದ್ದಲ್ಲ. ಇಟ್ಕೊಂಡದ್ದು."

"ಕೇಳಿದ್ರೂ ಕೊಡದಿದ್ರ ಏನಂತಾರ?"

"ಹಿರ್ಯಾರ ವಿಷಯ. ನಿನಗ ತಿಳೂದಿಲ್ಲ."

"ಹಿರ್ಯಾರು ಹೋದ್ರು. ಇವತ್ತು ಕಡ್ಡಿ ಕಿಸೇದಾಗ ಹಾಕ್ಕೊಂಡಾವ್ರು ಯಾರು?"

ಗೌಡರು ಮನೆಗೆ ಹೋಗಿ ಕಡ್ಡಿ ಹಾಕಿದರು. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತಂತೆ. ಚಕ್ರ ಟಕ್ ಟಕ್ ಎಂದು ತಿರುಗಿತಂತೆ. ಆ ಸದ್ದು ಕೇಳುತ್ತ ಇರಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ಪಾರ್ವತೆಮ್ಮ ಮರುದಿನವೇ ತಮ್ಮ ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ತಂಗಿ ದಢೇಸುಗೂರಿಗೆ ಹೇಳಿದಳು. ದಢೇಸುಗೂರಿನಲ್ಲಿ ದುರುಗೇಶ ಇದ್ದ. ವಾರ ಕಳೆಯುವಷ್ಟರಲ್ಲಿ ಗೊಬ್ಬರ ಕೊಳ್ಳಲು ಬಂದವರೂ "ಲಾಡಿಗೌಡ್ರು ಅದಾರೇನ್ರೀ?" ಎಂದು ನನ್ನ ಅಂಗಡಿಯಲ್ಲಿ ಕೇಳತೊಡಗಿದರು.

ಬೇರೆ ಯಾರಾದರೂ ಆಗಿದ್ದರೆ ಆ ರಿವಾಲ್ವರನ್ನು ಸದ್ದಿಲ್ಲದೆ ಸರಕಾರಕ್ಕೆ ಒಪ್ಪಿಸಿ ಮನೆಯಲ್ಲಿ ಕೂರುತ್ತಿದ್ದರು. ಗೌಡರು ಫ್ಲೆಕ್ಸ್ ಮಾಡಿಸಿದರು.

ಮಸ್ಕಿಯ ಬಸ್ ನಿಲ್ದಾಣದ ಹತ್ತಿರದ ಬಯಲಿನಲ್ಲಿ ಶಾಮಿಯಾನ ಎದ್ದಿತು. ಫ್ಲೆಕ್ಸಿನ ಎಡಕ್ಕೆ ಅಜ್ಜ, ಬಲಕ್ಕೆ ಗೌಡರು, ನಡುವೆ ಅಜ್ಜನಿಗಿಂತ ದೊಡ್ಡದಾಗಿ ಇನ್ನೊಮ್ಮೆ ಗೌಡರು. "ಮುಸ್ಲಿಂ ಬಂಧುಗಳ ಅಮಾನತನ್ನು ಮುಕ್ಕಾಲು ಶತಮಾನ ಕಾಯ್ದ ಮುಕ್ಕುಂದದ ಮನೆತನದಿಂದ ಸೌಹಾರ್ದ ಸಮಾರಂಭ" ಎಂದು ಅಚ್ಚಾಗಿತ್ತು. ಮೈಮುನಾಬಿಯ ಹೆಸರು ಅಡಿಯಲ್ಲಿ ಸಣ್ಣಗೆ ಇತ್ತು, ಅದೂ ತಪ್ಪಾಗಿ. ಹಳೆಯ ಕಥೆ ಸುಳ್ಳಾದರೆ ಏನಾಯಿತು, ಆ ಸುಳ್ಳಿನ ಹೊಟ್ಟೆಯಿಂದಲೇ ಗೌಡರು ಹೊಸ ಹಿರಿಮೆಯೊಂದನ್ನು ಹೆರಿಸಿಕೊಂಡಿದ್ದರು. ಅಜ್ಜ ಈಗ ಶೂರರಲ್ಲ, ಸತ್ಯವಂತರು.

ಪಾರ್ವತೆಮ್ಮ ಬರಲಿಲ್ಲ. ನಾನು ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಮೈಮುನಾಬಿಗೆ ತಿರುಗಿ ಕೊಡಲೆಂದು ರಿವಾಲ್ವರನ್ನು ವೇದಿಕೆಯ ಮೇಲೆ ಒಂದು ತಟ್ಟೆಯಲ್ಲಿ ಇಟ್ಟಿದ್ದರು. ಗೌಡರ ಭಾಷಣ ಉದ್ದವಾಗಿತ್ತು. ಮುಗಿದ ಮೇಲೆ ಮೈಮುನಾಬಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಲು ಹೋದರು. ಅವರು ಕೈ ಅಡ್ಡ ಹಿಡಿದರು. "ಶಾಲು ಬ್ಯಾಡ್ರಿ, ಸೆಕಿ ಐತಿ." ಯಾರೋ ಮೈಕು ಕೊಟ್ಟರು. ಅವರು ಅದನ್ನು ದೂರ ಹಿಡಿದು, ಮನೆಯಲ್ಲಿ ಮಾತಾಡಿದಂತೆ ಮಾತಾಡಿದರು.

"ಇವರಜ್ಜಾರು ಅಮಾನತು ಕಾಯ್ದ್ರು ಅಂತ ಇದರಾಗ ಬರ್ಸ್ಯಾರ. ನಮ್ಮ ಹಿರ್ಯಾರು ಮೂರು ಸಲ ಹೋಗಿ ಕೇಳಿದಾಗ ಮಿಲಿಟ್ರಿಯವ್ರು ಒಯ್ದ್ರು ಅಂದಿದ್ರಂತ. ಹಂಗಾರ ಮಿಲಿಟ್ರಿ ಕೈಯಾಗಿಂದ ಬಿಡಿಸ್ಕೊಂಡು ಬಂದು ಕಾಯ್ದಿರಬೇಕು. ಬಾಳ ದೊಡ್ಡ ಮಂದಿ. ನಾವು ಒಂದು ಕಡ್ಡಿ ಕಾಯ್ದೀವಿ. ಇವರು ಬಂದು ಕೇಳಿದ್ರು, ಅವತ್ತೇ ಕೊಟ್ವಿ."

ಇಷ್ಟೇ. ಮೈಕು ಇಟ್ಟು ಇಳಿದರು. ಮೊದಲು ಒಂದು ಮೂಲೆಯಲ್ಲಿ ನಗು ಎದ್ದಿತು, ಆಮೇಲೆ ಶಾಮಿಯಾನದ ತುಂಬ. ಗೌಡರು ಗಾಬರಿಯಲ್ಲಿ ರಿವಾಲ್ವರನ್ನು ತಟ್ಟೆಯ ಸಮೇತ ಎತ್ತಿಕೊಂಡು ಮೈಮುನಾಬಿಯ ಹಿಂದೆ ಎರಡು ಮೆಟ್ಟಿಲು ಇಳಿದರು. ಕೆಳಗೆ ಪೊಲೀಸ್ ಇನ್ಸ್‌ಪೆಕ್ಟರ್ ನಿಂತಿದ್ದರು. ಶಾಂತವಾಗಿ ಕೈ ಚಾಚಿದರು.

"ಲೈಸೆನ್ಸ್ ನಿಮ್ಮ ಹೆಸರಿನ್ಯಾಗ ಐತಿ. ಅವರಿಗೆ ಲೈಸೆನ್ಸ್ ಇಲ್ಲ. ತಾಟಿನ್ಯಾಗ ಇಟ್ಟು ಹಂಚಾಕ ಇದೇನು ಪ್ರಸಾದ ಏನ್ರೀ? ಇಲ್ಲಿ ಕೊಡ್ರಿ, ನಮ್ಮ ಜೀಪಿನ್ಯಾಗ ಹತ್ರಿ."

ಗೌಡರು ಫ್ಲೆಕ್ಸಿನ ಮೂರು ಮುಖಗಳ ಕೆಳಗಿನಿಂದಲೇ ಜೀಪು ಹತ್ತಿದರು. ಕೇಸು ಆಗಲಿಲ್ಲ. ಎಚ್ಚರಿಕೆ ಕೊಟ್ಟು, ಲೈಸೆನ್ಸಿನ ಜೊತೆ ರಿವಾಲ್ವರನ್ನು ಸರಕಾರಕ್ಕೆ ಒಪ್ಪಿಸುವಂತೆ ಹೇಳಿದರು. ಒಪ್ಪಿಸಿದರು. ಒಪ್ಪಿಸುವ ದಿನ ಆಳುಗಳು ಹಿಂದೆ ಇರಲಿಲ್ಲ, ನಡು ರಸ್ತೆಯೂ ಇರಲಿಲ್ಲ. ಅಂಥ ಕಬ್ಬಿಣವನ್ನು ಕರಗಿಸುತ್ತಾರೆ ಎಂದು ಯಾರೋ ಹೇಳಿದರು. ಗೌಡರು ಅದನ್ನು ವಿಚಾರಿಸಲು ಹೋಗಲಿಲ್ಲ.

ಇದೆಲ್ಲ ಆಗಿ ಒಂದು ಬೆಳೆ ಕಳೆದಿದೆ. ಪಾರ್ವತೆಮ್ಮ ಈಗ ತಮ್ಮ ಕುಪ್ಪಸಗಳನ್ನು ಮಸ್ಕಿಯಲ್ಲಿ ಹೊಲಿಸುತ್ತಾರೆ. ಹೋಗುವಾಗ ಹೊಸ ಅಕ್ಕಿ ಒಯ್ಯುತ್ತಾರೆ, ಬಂದ ಮೇಲೆ ಇಬ್ಬರೂ ಗಂಟೆಗಟ್ಟಲೆ ಏನು ಮಾತಾಡಿದರು ಎಂದು ಹೇಳುವುದಿಲ್ಲ. ಕಳೆದ ವಾರ ಮಸ್ಕಿಗೆ ಒಂದು ಬೇರಿಂಗ್ ಮುಟ್ಟಿಸಲು ಹೋದವನು ನಾನೂ ಮೈಮುನಾಬಿಯನ್ನು ಮಾತಾಡಿಸಿಕೊಂಡು ಬಂದೆ. ಗೌಡರ ವಿಷಯ ತೆಗೆದೆ.

"ಬಂದಿದ್ರಪಾ ಗೌಡ್ರು" ಅಂದರು.

ನನಗೆ ನಂಬಲು ಆಗಲಿಲ್ಲ. "ಯಾರ ಜೋಡಿ?"

"ಒಬ್ರೇ, ಬಸ್ಸಿನ್ಯಾಗ. ಮಂಚದ ಮ್ಯಾಲೂ ಕೂಡ್ಲಿಲ್ಲ, ಅಲ್ಲೇ ಕಟ್ಟಿ ಮ್ಯಾಲೆ ಕುಂತ್ರು. ಭತ್ತದ ರೇಟು ಹೇಳಿದ್ರು. ಕಾಲುವಿಗೆ ನೀರು ಎಂದು ಬಿಡ್ತಾರ ಹೇಳಿದ್ರು. ಚಾ ಕುಡದು ಹೋದ್ರು."

"ಮತ್ತೇನೂ ಅನ್ಲಿಲ್ಲೇನು?"

"ಅನ್ನಾಕ ಬಂದಿದ್ರು ಬೇಟಾ. ಬಾಯಿ ಬರ್ಲಿಲ್ಲ." ಮೈಮುನಾಬಿ ಸೂಜಿಗೆ ದಾರ ಪೋಣಿಸಿಕೊಂಡು ಮಷಿನ್ ತುಳಿಯತೊಡಗಿದರು. "ಬರ್ಲಿ. ಇನ್ನೂ ನಾಕು ಸಲ ಚಾ ಕುಡೀಲಿ, ಆಮ್ಯಾಲೆ ನೋಡೂಣು."